ನರ ಸಿಗುವ ಮಾತು

ನಮ್ಮೂರಲ್ಲಿ ಯಾರದಾದರೂ ರಕ್ತ ತೆಗೆಯಬೇಕೆಂದರೆ ಸೂಜಿ ಹಿಡಿದವರು ಮೊದಲು ತಮ್ಮ ಬಗ್ಗೆ ಒಂದು ನಿಜ ಹೇಳಬೇಕು. ಹೇಳದಿದ್ದರೆ ನರ ಸಿಗುವುದಿಲ್ಲ. ಎಷ್ಟೇ ಬಿಗಿಯಾಗಿ ರಬ್ಬರ್ ಪಟ್ಟಿ ಕಟ್ಟಿ, ಮೊಣಕೈಯ ಒಳಭಾಗವನ್ನು ತಟ್ಟಿ ತಟ್ಟಿ ಕೆಂಪು ಮಾಡಿದರೂ ಅದು ಎಲ್ಲೋ ಒಳಗೆ ಹೋಗಿ ಮಲಗಿಬಿಟ್ಟಿರುತ್ತದೆ. ನಿಜ ಹೇಳಿದ ಕೂಡಲೇ ಮೇಲೆ ಬರುತ್ತದೆ, ಬೆರಳಿಟ್ಟರೆ ಮೆತ್ತಗೆ ಪುಟಿಯುತ್ತದೆ. ಒಬ್ಬರಿಗೆ ಒಮ್ಮೆ ಹೇಳಿದ್ದನ್ನೇ ಅವರಿಗೆ ಮತ್ತೆ ಹೇಳಿದರೆ ನಡೆಯುವುದಿಲ್ಲ. ಮಕ್ಕಳಿಗೆ ಸಣ್ಣ ನಿಜ ಸಾಕು. ಹೆದರಿದವರಿಗೆ, ಸಿಟ್ಟಿನಲ್ಲಿರುವವರಿಗೆ ಸ್ವಲ್ಪ ತೂಕದ್ದೇ ಬೇಕಾಗುತ್ತದೆ.

ನನ್ನ ಹೆಸರು ವಾರಿಜಾ. ಸರ್ಕಾರಿ ಆಸ್ಪತ್ರೆಯ ಲ್ಯಾಬಿನಲ್ಲಿ ಇಪ್ಪತ್ತೊಂಬತ್ತು ವರ್ಷದಿಂದ ರಕ್ತ ತೆಗೆಯುತ್ತಿದ್ದೇನೆ. ಹಾಗಾಗಿ ನನ್ನ ಬದುಕು ಚೂರುಚೂರಾಗಿ ಊರ ತುಂಬ ಹಂಚಿಹೋಗಿದೆ. ಹತ್ತನೇ ಕ್ಲಾಸಿನ ಗಣಿತದ ಪರೀಕ್ಷೆಯಲ್ಲಿ ನಾನು ನಕಲು ಮಾಡಿದ್ದು ಪೋಸ್ಟ್‌ಮ್ಯಾನ್‌ಗೆ ಗೊತ್ತು. ಅತ್ತೆ ತೀರಿಕೊಂಡಾಗ ನನಗೆ ಅಳು ಬರಲಿಲ್ಲ ಅನ್ನುವುದು ಹಿಟ್ಟಿನ ಗಿರಣಿಯವರಿಗೆ ಗೊತ್ತು. ಆದರೆ ಆ ಕುರ್ಚಿಯಲ್ಲಿ ಕೂತು ಕೇಳಿದ್ದನ್ನು ಬೀದಿಯಲ್ಲಿ ಆಡಬಾರದು ಅನ್ನುವುದು ನಮ್ಮಲ್ಲಿ ಹಿಂದಿನಿಂದ ಬಂದ ರೂಢಿ. ಈಗ ಹೇಳಹೊರಟಿರುವುದನ್ನು ಹೇಳಿದವರು, ಕೇಳಿದವರು ಇಬ್ಬರ ಅಪ್ಪಣೆಯನ್ನೂ ಪಡೆದೇ ಹೇಳುತ್ತಿದ್ದೇನೆ.

ಆ ವರ್ಷ ಪೊಲೀಸರಿಗೆ ರಕ್ತ ತೆಗೆಯುವುದನ್ನು ಕಲಿಸಬೇಕು ಅಂತ ಮೇಲಿನಿಂದ ಆದೇಶ ಬಂತು. ಕುಡಿದು ಗಾಡಿ ಓಡಿಸಿದವರನ್ನು ಹಿಡಿದರೆ ಎರಡು ಗಂಟೆಯೊಳಗೆ ರಕ್ತದ ಸ್ಯಾಂಪಲ್ ಆಗಬೇಕು. ನಮ್ಮ ಡಾಕ್ಟರು ಒಬ್ಬರೇ, ಅವರು ಇನ್ನೂ ಎರಡು ಊರು ನೋಡಿಕೊಳ್ಳಬೇಕು. ಸ್ಟೇಷನ್ನಿನಲ್ಲಿದ್ದ ಊದುವ ಮಷೀನು ಒಬ್ಬನೇ ಮನುಷ್ಯ ಮೂರು ಸಲ ಊದಿದರೆ ಮೂರು ಅಂಕಿ ತೋರಿಸಿ, ಜಡ್ಜ್ ಸಾಹೇಬರು ಅದನ್ನು ಇನ್ನು ಕೋರ್ಟಿಗೆ ತರಬೇಡಿ ಅಂದಿದ್ದರು. ಹಾಗಾಗಿ ಮೂವರು ಪೊಲೀಸರು ಒಂದು ಸೋಮವಾರ ಬೆಳಿಗ್ಗೆ ಹೊಸ ನೋಟ್‌ಬುಕ್ಕು ಹಿಡಿದುಕೊಂಡು ನನ್ನ ಲ್ಯಾಬಿನ ಮುಂದೆ ಸಾಲಾಗಿ ನಿಂತರು.

ಹೆಡ್ ಕಾನ್‌ಸ್ಟೆಬಲ್ ದಾದಾಪೀರ್ ಆರಡಿ ಆಳು, ಕಿವಿ ಮುಟ್ಟುವ ಮೀಸೆ. ಮೊದಲ ದಿನ ನಾನು ಸೂಜಿಯ ಕವರು ಬಿಚ್ಚಿದ್ದನ್ನು ನೋಡಿಯೇ ಗೋಡೆಗೆ ಒರಗಿಕೊಂಡು ಕೆಳಗೆ ಜಾರಿದ. ಹೊನ್ನಮ್ಮ ಕಾನ್‌ಸ್ಟೆಬಲ್ಲು, ಕೆಲಸಕ್ಕೆ ಸೇರಿ ನಾಲ್ಕು ವರ್ಷ ಆಗಿತ್ತು. ಅವನ ಮುಖಕ್ಕೆ ನೀರು ಚಿಮುಕಿಸಿದವಳು ಅವಳೇ. ಮೂರನೆಯವರು ಎಎಸ್‌ಐ ರಾಚಪ್ಪನವರು. ಐವತ್ತೈದು ದಾಟಿದವರು, ತೆಳ್ಳಗೆ, ನೆಟ್ಟಗೆ. ಅವರ ಇಸ್ತ್ರಿ ಗೆರೆಯಲ್ಲಿ ಬೆರಳು ಕೊಯ್ದುಕೊಳ್ಳಬಹುದು ಅಂತ ಜನ ಆಡಿಕೊಳ್ಳುತ್ತಿದ್ದರು. ಬೇಕಾದಷ್ಟಕ್ಕಿಂತ ಒಂದು ಮಾತು ಹೆಚ್ಚಾಡಿದ್ದನ್ನು ಯಾರೂ ಕೇಳಿರಲಿಲ್ಲ.

ಎರಡು ದಿನ ರಬ್ಬರಿನ ಕೈ ಮೇಲೆ ಪಾಠ ನಡೆಯಿತು. ಪಟ್ಟಿ ಎಲ್ಲಿ ಕಟ್ಟಬೇಕು, ಸೂಜಿಯ ಓರೆ ಬಾಯಿ ಮೇಲಕ್ಕೆ ಯಾಕಿರಬೇಕು, ಎಷ್ಟು ಬಾಗಿಸಿ ಚುಚ್ಚಬೇಕು ಅಂತೆಲ್ಲ ತೋರಿಸಿದೆ. "ಸ್ಪಿರಿಟ್ ಹತ್ತಿ ಮುಟ್ಟಲೇಬೇಡಿ" ಅಂದೆ. "ಸ್ಪಿರಿಟ್ಟೂ ಮದ್ಯದ ಜಾತಿಯದ್ದೇ. ಅದರಿಂದ ಒರೆಸಿ ರಕ್ತ ತೆಗೆದಿರೋ, ಎದುರಿನ ವಕೀಲರು ಅದೊಂದನ್ನೇ ಹಿಡ್ಕೊಂಡು ಜಗ್ಗುತ್ತಾರೆ. ಈ ಬಾಟಲಿಯ ಔಷಧಿಯಿಂದಲೇ ಒರೆಸಬೇಕು." ಬೂದು ಮುಚ್ಚಳದ ಟ್ಯೂಬು, ಅದನ್ನು ಕುಲುಕದೆ ನಿಧಾನವಾಗಿ ತಲೆಕೆಳಗು ಮಾಡಿ ಬೆರೆಸುವುದು, ಅರಗಿನ ಮೊಹರು, ಸಹಿ, ಐಸ್ ಪೆಟ್ಟಿಗೆ ಎಲ್ಲವನ್ನೂ ಬರೆದುಕೊಂಡರು. ರಾಚಪ್ಪನವರ ಕೈ ನೋಡಿ ನನಗೆ ಸಂತೋಷವಾಯಿತು. ಅಷ್ಟು ಹಗುರವಾದ ಕೈ. ಒಂದೇ ಒಂದು ಸಲ ಕೂಡ ರಬ್ಬರಿನ ನರ ತಪ್ಪಲಿಲ್ಲ.

ಮೂರನೇ ದಿನ ಒಬ್ಬರ ಮೇಲೊಬ್ಬರು ಕಲಿಯುವುದು. ಮೊದಲು ಹೊನ್ನಮ್ಮ ನನ್ನ ತೋಳಿಗೆ ಪಟ್ಟಿ ಕಟ್ಟಿ, ಸ್ವಲ್ಪ ಹೊತ್ತು ನನ್ನ ಮುಖ ನೋಡಿದಳು. "ಮೇಡಂ, ನೀವು ಪಾಠ ಮಾಡೋವಾಗ ನಂಗೆ ನಿದ್ದೆ ಬರ್ತದ್ರಿ. ನಿನ್ನೆ ಕಣ್ ಬಿಟ್ಕೊಂಡೇ ಮಲಗಿದ್ದೆ" ಅಂದಳು. ನರ ಮೇಲೆ ಬಂತು. ದಾದಾಪೀರ್ ಕಣ್ಣು ಅರ್ಧ ಮುಚ್ಚಿಕೊಂಡೇ ಹೊನ್ನಮ್ಮನ ಕೈ ಹಿಡಿದು, "ತಂಗಿ, ನಾ ಕಳ್ಳರಿಗೆ ಹೆದ್ರಂಗಿಲ್ಲ ಅಂತಾರಲ್ಲ, ಸುಳ್ಳು. ಸಂದಿಯಾಗ ಹೋಗೋವಾಗ ಜೋರಾಗಿ ಕೆಮ್ಮತೀನಿ, ಅವ್ರು ಓಡಿ ಹೋಗ್ಲಿ ಅಂತ" ಅಂದ. ಹೊನ್ನಮ್ಮ ನಗುವುದಕ್ಕೂ ನರ ಏಳುವುದಕ್ಕೂ ಸರಿಹೋಯಿತು. ಅವನು ಚುಚ್ಚಿ, ಟ್ಯೂಬು ತುಂಬಿಸಿ, ಮೊಹರು ಹಾಕಿ, ಆಮೇಲೆ ಹೊರಗೆ ಹೋಗಿ ಕಟ್ಟೆ ಮೇಲೆ ಕೂತುಕೊಂಡ.

ರಾಚಪ್ಪನವರ ಸರದಿ ಬಂದಾಗ ಅವರು ನನ್ನ ತೋಳು ಹಿಡಿದು, "ನನ್ನ ಸರ್ವಿಸ್ಸು ಮೂವತ್ತೊಂದು ವರ್ಷ" ಅಂದರು.

ನರ ಬರಲಿಲ್ಲ.

"ಅದು ರಿಜಿಸ್ಟರಿನಲ್ಲೇ ಇರುತ್ತಲ್ಲ ಸಾರ್" ಅಂದೆ. "ನಿಮ್ಮದು ಹೇಳ್ರಿ."

"ಬೆಳಿಗ್ಗೆ ಉಪ್ಪಿಟ್ಟು ತಿಂದೆ."

ಅದಕ್ಕೂ ಇಲ್ಲ. ಮರುದಿನವೂ ಹೀಗೇ. ಐದನೇ ದಿನವೂ ಹೀಗೇ. ಅವರ ಹಣೆಯ ಮೇಲೆ ಬೆವರು ಸಾಲುಗಟ್ಟುತ್ತಿತ್ತು, ಬಾಯಿ ಮಾತ್ರ ಬಿಚ್ಚುತ್ತಿರಲಿಲ್ಲ. "ಮೇಡಂ, ನಮ್ಮ ಕೆಲಸ ಬೇರೇರ ಬಾಯಿ ಬಿಡ್ಸೋದು. ನಮ್ಮ ಬಾಯಿ ಬಿಟ್ಟು ರೂಢಿ ಇಲ್ಲ" ಅಂದರು ಒಮ್ಮೆ. ಅದು ನಿಜವೇ, ಆದರೆ ಆಗ ಅವರ ಕೈಯಲ್ಲಿ ಸೂಜಿ ಇರಲಿಲ್ಲ. ತರಬೇತಿಯ ಕೊನೆಯ ದಿನ ದಾದಾಪೀರನ ತೋಳು ಹಿಡಿದು ಬಹಳ ಹೊತ್ತು ಕೂತಿದ್ದು, ಆಮೇಲೆ ಗೋಡೆ ನೋಡುತ್ತಾ, "ನಿನ್ನ ಮೀಸೆ ಕಂಡ್ರೆ ನಂಗೆ ಹೊಟ್ಟೆಕಿಚ್ಚು. ನಂದು ಬೆಳೀಲೇ ಇಲ್ಲ" ಅಂದರು. ದಾದಾಪೀರನಿಗೆ ಎಷ್ಟು ಖುಷಿಯಾಯಿತೆಂದರೆ ಸೂಜಿ ಹೊಕ್ಕಿದ್ದೂ ಗೊತ್ತಾಗಲಿಲ್ಲ. ಮೂವರಿಗೂ ಪಾಸು ಅಂತ ಬರೆದು ಸಹಿ ಹಾಕಿದೆ. ರಾಚಪ್ಪನವರ ಹೆಸರಿನ ಮುಂದೆ ಬರೆಯುವಾಗ ಮಾತ್ರ ನನ್ನ ಪೆನ್ನು ಒಂದು ಗಳಿಗೆ ನಿಂತಿತು.

ಊರು ಇದಕ್ಕೂ ಹೊಂದಿಕೊಂಡಿತು. ಹೊನ್ನಮ್ಮ ಒಬ್ಬ ಟ್ರ್ಯಾಕ್ಟರ್ ಡ್ರೈವರನ ರಕ್ತ ತೆಗೆಯುವಾಗ ಏನು ಹೇಳಿದಳೋ, ಅವನು ಅಳುತ್ತಾ ದಂಡ ಕಟ್ಟಿ, ಕುಡಿಯುವುದನ್ನು ಬಿಡದಿದ್ದರೂ ಕುಡಿದಾಗ ಟ್ರ್ಯಾಕ್ಟರ್ ಹತ್ತುವುದನ್ನು ಬಿಟ್ಟ. ದಾದಾಪೀರನ ಬಗ್ಗೆ ಊರಿನ ಕುಡುಕರೆಲ್ಲ ಒಂದು ಥರ ಅಕ್ಕರೆಯಿಂದ ಮಾತಾಡತೊಡಗಿದರು. ರಾಚಪ್ಪನವರು ಮಾತ್ರ ಏನಾದರೊಂದು ನೆಪ ಹೇಳಿ ಸೂಜಿಯ ಕೆಲಸವನ್ನು ಉಳಿದಿಬ್ಬರಿಗೆ ದಾಟಿಸುತ್ತಿದ್ದರು.

ಎರಡು ತಿಂಗಳ ಮೇಲೆ ಒಂದು ಗುರುವಾರ, ಸಂತೆಯ ದಿನ, ಬೆಳಿಗ್ಗೆ ಹತ್ತು ಗಂಟೆಯ ಸುಮಾರಿಗೆ, ಹಾಲಿನ ವ್ಯಾನೊಂದು ಇಳಿಜಾರಿನಲ್ಲಿ ಓಡಿಬಂದು ಸಿದ್ಲಿಂಗಣ್ಣನ ಚಹಾದಂಗಡಿಗೆ ನುಗ್ಗಿತು. ಸಿದ್ಲಿಂಗಣ್ಣನ ಕಾಲು ಮುರಿಯಿತು. ಡಾಕ್ಟರು ಅವನನ್ನು ಆಂಬ್ಯುಲೆನ್ಸಿನಲ್ಲಿ ಹಾಕಿಕೊಂಡು ದೊಡ್ಡಾಸ್ಪತ್ರೆಗೆ ಹೊರಟರು. ವ್ಯಾನ್ ಓಡಿಸುತ್ತಿದ್ದವನು ಮಾಲತೇಶ.

ಮಾಲತೇಶನನ್ನು ಊರೆಲ್ಲ ಎಣ್ಣೆ ಮಾಲತೇಶ ಅಂತಲೇ ಕರೆಯುತ್ತಿತ್ತು. ಹನ್ನೊಂದು ವರ್ಷದ ಹಿಂದೆ ಅವನು ಹೆಂಚಿನ ಲಾರಿ ಓಡಿಸುತ್ತಿದ್ದಾಗ ಸೇತುವೆಯ ಕಟಾಂಜನಕ್ಕೆ ಗಾಡಿ ತಗುಲಿಸಿದ್ದ. ಕುಡಿದಿದ್ದ ಅಂತ ಕೇಸಾಗಿ ಒಂದು ವರ್ಷ ಲೈಸೆನ್ಸ್ ಹೋಗಿತ್ತು, ಹೆಂಡತಿ ಎಂಟು ತಿಂಗಳು ತವರಿಗೆ ಹೋಗಿ ಕೂತಿದ್ದಳು. ಅಂಟಿದ ಹೆಸರು ಅಂಟಿಯೇ ಇತ್ತು. ಹಾಗಾಗಿ ಗುರುವಾರ ಜನಕ್ಕೆ ಯಾವ ಸಂಶಯವೂ ಇರಲಿಲ್ಲ. "ಬೆಳಿಗ್ಗೆ ಬೆಳಿಗ್ಗೆನೇ ಏರ್ಸ್ಕೊಂಡಾನ" ಅನ್ನುತ್ತಾ ಅವನ ಅಂಗಿ ಹಿಡಿದು ಎಳೆದಾಡುತ್ತಿದ್ದರು. ರಾಚಪ್ಪನವರೇ ಬಿಡಿಸಿ, ಜೀಪಿನಲ್ಲಿ ಕೂರಿಸಿಕೊಂಡು ನನ್ನ ಲ್ಯಾಬಿಗೆ ಕರೆತಂದರು. ಹಿಂದೆಯೇ ಜನ ಬಂದು ಕಿಟಕಿಗೆ ಮುತ್ತಿದರು.

ಮಾಲತೇಶನ ಹುಬ್ಬಿನ ಹತ್ತಿರ ಗಾಯವಾಗಿತ್ತು. ನಾನು ಅದನ್ನು ಒರೆಸಿ, ಪಟ್ಟಿ ಕಟ್ಟಲು ಕೈ ಚಾಚಿದೆ. ಯಾವ ನಿಜ ಹೇಳಲಿ ಅಂತ ಯೋಚಿಸುತ್ತಿದ್ದಾಗ ಅವನು ತೋಳು ಹಿಂದಕ್ಕೆ ಎಳೆದುಕೊಂಡ.

"ನೀವು ಬ್ಯಾಡ್ರಿ ಅಕ್ಕಾ" ಅಂದ. "ಪೊಲೀಸ್ರು ಕಲ್ತಾರಲ್ಲ? ಇವ್ರೇ ತಗೀಲಿ."

ರಾಚಪ್ಪನವರು ಬಾಗಿಲ ಹತ್ತಿರ ನಿಂತಿದ್ದರು. "ಹೊನ್ನಮ್ಮನ್ನ ಕರೆಸ್ತೀನಿ" ಅಂದರು.

"ಹೊನ್ನಮ್ಮ ಬ್ಯಾಡ. ದಾದಾಪೀರೂ ಬ್ಯಾಡ. ನೀವೇ ತಗೀರಿ. ಇಲ್ಲಂದ್ರ ನಾ ಕೊಡಂಗಿಲ್ಲ."

ಕಿಟಕಿಯಾಚೆ ಗುಲ್ಲೆದ್ದಿತು. "ಕೊಡಂಗಿಲ್ಲಂತೆ! ಕುಡ್ದಿದ್ದಕ್ಕೇ ಕೊಡಂಗಿಲ್ಲ!" ಅಂತ ಯಾರೋ ಕೂಗಿದರು. ನಾನು ಗಡಿಯಾರ ನೋಡಿದೆ. ಹನ್ನೊಂದು ಹೊಡೆಯುವುದರಲ್ಲಿತ್ತು. ಹನ್ನೆರಡಾದರೆ ಎರಡು ಗಂಟೆ ಮುಗಿಯುತ್ತದೆ. ಆಮೇಲೆ ತೆಗೆದ ರಕ್ತಕ್ಕೆ ಕೋರ್ಟಿನಲ್ಲಿ ಬೆಲೆಯಿಲ್ಲ, ಊರಿನ ತೀರ್ಮಾನ ಮಾತ್ರ ಉಳಿಯುತ್ತದೆ. "ಮಾಲತೇಶ, ಹಟ ಮಾಡಬೇಡಪ್ಪ. ನೀನು ಕುಡಿದಿಲ್ಲ ಅಂದ್ರೆ ಈ ರಕ್ತನೇ ನಿನ್ನ ಕಾಯೋದು" ಅಂದೆ.

"ಗೊತ್ತೈತಿ ಅಕ್ಕಾ. ಅದಕ್ಕೇ ಇವ್ರೇ ಬೇಕು" ಅಂದ. ಅವನು ಸಿಟ್ಟಿನಲ್ಲಿರಲಿಲ್ಲ. ಅಂಗಿಯ ತೋಳನ್ನು ತಾನೇ ನೀಟಾಗಿ ಮಡಚಿ, ಕೈಯನ್ನು ಮೇಜಿನ ಮೇಲಿಟ್ಟು ಕಾದ.

ರಾಚಪ್ಪನವರು ಟೋಪಿ ತೆಗೆದಿಟ್ಟು, ಕೈ ತೊಳೆದುಕೊಂಡು ಬಂದು ಕೂತರು. ಪಟ್ಟಿ ಕಟ್ಟಿದರು. ಬಾಟಲಿಯ ಔಷಧಿಯಿಂದ ಒರೆಸಿದರು. 

"ನಂಗೆ ಸಕ್ಕರೆ ಕಾಯಿಲೆ ಐತಿ. ಸ್ಟೇಷನ್ನಿನಾಗ ಯಾರಿಗೂ ಹೇಳಿಲ್ಲ."

ನರ ಅಲುಗಲಿಲ್ಲ. ಆದರೂ ಅವರು ಅಂದಾಜಿನ ಮೇಲೆ ಚುಚ್ಚಿದರು. ಟ್ಯೂಬಿಗೆ ಒಂದು ಹನಿಯೂ ಬೀಳಲಿಲ್ಲ. ಸೂಜಿ ತೆಗೆದು ಹತ್ತಿ ಒತ್ತಿದರು.

"ಇನ್ನೊಂದೇ ಸಲ ಸಾರ್" ಅಂದೆ. "ಎರಡಕ್ಕಿಂತ ಹೆಚ್ಚು ಒಬ್ಬರ ಕೈಯಲ್ಲಿ ಚುಚ್ಚಿಸೋಕೆ ನಾನು ಬಿಡಲ್ಲ."

ಅವರು ಹೊಸ ಸೂಜಿ ಬಿಚ್ಚಿ ಎಡಗೈಗೆ ಪಟ್ಟಿ ಕಟ್ಟಿದರು. "ಮುಂದಿನ ವರ್ಷ ರಿಟೈರ್ ಆದ್ಮೇಲೆ ಏನ್ ಮಾಡ್ಬೇಕು ಅಂತ ನಂಗೆ ಹೆದ್ರಿಕೆ ಆಗ್ತತಿ" ಅಂದರು. ಬೆರಳಿಟ್ಟು ನೋಡಿದರು. ಇಲ್ಲ. ಮಾಲತೇಶ ಅವರನ್ನೇ ನೋಡುತ್ತಿದ್ದ. ಏನೂ ಕೇಳಲಿಲ್ಲ, ಏನೂ ನೆನಪಿಸಲಿಲ್ಲ. ಹನ್ನೊಂದೂ ಇಪ್ಪತ್ತಾಯಿತು, ಹನ್ನೊಂದೂ ಮೂವತ್ತಾಯಿತು. ನಾನು ಪಟ್ಟಿ ಬಿಚ್ಚಿ ಕೈಗೆ ಸ್ವಲ್ಪ ಆರಾಮ ಕೊಟ್ಟು ಮತ್ತೆ ಕಟ್ಟಿದೆ. ಹೊರಗಿನ ಗದ್ದಲ ತಾನಾಗಿಯೇ ಕಡಿಮೆಯಾಯಿತು. ಕಿಟಕಿಯಲ್ಲಿದ್ದವರೆಲ್ಲ ನಮ್ಮೂರಿನವರೇ ತಾನೆ. ಒಳಗೆ ಏನು ನಡೆಯುತ್ತಿದೆ ಅನ್ನುವುದು ಅವರಿಗೂ ಅರ್ಥವಾಗತೊಡಗಿತ್ತು. ನಾನೆದ್ದು ಕಿಟಕಿ ಮುಚ್ಚಲು ಹೋದೆ.

"ಮುಚ್ಚಬ್ಯಾಡ್ರಿ ಮೇಡಂ" ಅಂದರು ರಾಚಪ್ಪನವರು. ಆಮೇಲೆ ಮಾಲತೇಶನ ಕಡೆ ತಿರುಗಿದರು. "ಅವತ್ತು ಸೇತುವೆ ಹತ್ರ ನಾ ಜೀಪಿನಿಂದ ಇಳೀಲೇ ಇಲ್ಲ. ನಿನ್ನ... ನಿಮ್ಮ ಹತ್ರ ಬಂದು ಮೂಸಿ ನೋಡ್ಲೇ ಇಲ್ಲ. ಸೀಟಿನ ಮೇಲೆ ಕೂತ್ಕೊಂಡೇ ಬಾಯಿಂದ ಮದ್ಯದ ವಾಸನೆ ಬರುತ್ತಿತ್ತು ಅಂತ ಬರ್ದೆ. ಹಂಗ ಬರ್ದ್ರೆ ಕೇಸು ಬೇಗ ಮುಗೀತಿತ್ತು. ನೀವು ಕುಡ್ದಿದ್ರೋ ಇಲ್ಲೋ ನಂಗೆ ಅವತ್ತೂ ಗೊತ್ತಿರ್ಲಿಲ್ಲ. ಕೋರ್ಟಿನಾಗೂ ನಿಂತು ಅದನ್ನೇ ಹೇಳ್ದೆ."

ಅವರ ಬೆರಳಡಿಯಲ್ಲಿ ನರ ಎದ್ದಿತು. ನಾನು ಇಪ್ಪತ್ತೊಂಬತ್ತು ವರ್ಷದಲ್ಲಿ ಅಷ್ಟು ಸ್ಪಷ್ಟವಾದ ನರ ನೋಡಿಲ್ಲ. ರಾಚಪ್ಪನವರು ಚುಚ್ಚಿದರು. ರಕ್ತ ತಾನಾಗಿ ಟ್ಯೂಬಿಗೆ ಬಂತು. ಎರಡು ಟ್ಯೂಬು ತುಂಬಿಸಿ, ಪಟ್ಟಿ ಬಿಚ್ಚಿ, ಸೂಜಿ ತೆಗೆದು, ಹತ್ತಿ ಒತ್ತಿಹಿಡಿದರು. ಮಾಲತೇಶನ ಕಣ್ಣಿಂದ ನೀರು ಇಳಿಯುತ್ತಿತ್ತು. ಒಂದು ಕೈಗೆ ಹತ್ತಿ ಒತ್ತಿದ್ದರು, ಇನ್ನೊಂದು ಕೈಯಿಂದ ಒರೆಸಿಕೊಳ್ಳುವುದು ಅವನಿಗೆ ತೋಚಲೇ ಇಲ್ಲ. ಟ್ಯೂಬಿನ ಮೇಲೆ ಹೊತ್ತು ಬರೆದದ್ದು ನಾನು: ಹನ್ನೊಂದು ಗಂಟೆ ನಲವತ್ತೇಳು ನಿಮಿಷ. ಅರಗು ಕರಗಿಸಿ ಮೊಹರು ಒತ್ತಿ, ಟ್ಯೂಬುಗಳನ್ನು ಐಸ್ ಪೆಟ್ಟಿಗೆಯಲ್ಲಿಟ್ಟೆ.

ಹೊರಡುವಾಗ ಮಾಲತೇಶ ತೋಳು ಇಳಿಸಿಕೊಳ್ಳುತ್ತಾ, "ಇಲ್ಲಿ ಹೇಳಿದ್ದು ಸಾಲಂಗಿಲ್ರಿ" ಅಂದ. "ನಮ್ಮ ಮನ್ಯಾಗೂ ಒಂದ್ಸಲ ಬಂದು ಹೇಳ್ಬೇಕು."

ರಾಚಪ್ಪನವರು ಆಯಿತು ಅನ್ನುವಂತೆ ತಲೆಯಾಡಿಸಿದರು.

ಹನ್ನೆರಡನೇ ದಿನ ಪರೀಕ್ಷೆಯ ಫಲಿತಾಂಶ ಬಂತು. ಮಾಲತೇಶನ ರಕ್ತದಲ್ಲಿ ಮದ್ಯದ ಸುಳಿವೇ ಇರಲಿಲ್ಲ. ವ್ಯಾನು ನೋಡಿದ ಸಾರಿಗೆ ಇಲಾಖೆಯ ಇನ್‌ಸ್ಪೆಕ್ಟರು, ಬ್ರೇಕಿನ ಪೈಪು ಒಡೆದಿತ್ತು, ಡ್ರೈವರು ಗಾಡಿಯನ್ನು ಸಂತೆಯ ಜನರ ಕಡೆಯಿಂದ ತಿರುಗಿಸದಿದ್ದರೆ ಹತ್ತಾರು ಜೀವ ಹೋಗುತ್ತಿದ್ದವು ಅಂತ ಬರೆದರು. ಸಿದ್ಲಿಂಗಣ್ಣನ ಕಾಲು ಕೂಡಿಕೊಳ್ಳುತ್ತಿತ್ತು. ನೋಡಲು ಹೋದ ಮಾಲತೇಶನಿಗೆ ಅವನು, "ಅಂಗಡಿ ಕಟ್ಟಿಸೋವಾಗ ಕಲ್ಲು ಹೊರೋಕೆ ಬಾ, ಅಷ್ಟು ಮಾಡು ಸಾಕು" ಅಂದನಂತೆ. ರಾಚಪ್ಪನವರು ಹನ್ನೊಂದು ವರ್ಷದ ಹಿಂದಿನ ವರದಿ ಸುಳ್ಳು ಅಂತ ತಮ್ಮ ಮೇಲಧಿಕಾರಿಗಳಿಗೆ ತಾವೇ ಕಾಗದ ಬರೆದರು. ವಿಚಾರಣೆ ಆಯಿತು. ಬರಬೇಕಿದ್ದ ಬಡ್ತಿ ತಪ್ಪಿತು. ಆ ಸುದ್ದಿ ಬಂದ ದಿನ ಸ್ಟೇಷನ್ನಿನ ಜಗುಲಿಯಲ್ಲಿ ಅವರು ದಾದಾಪೀರನ ಜೊತೆ ಕೂತು ಮಂಡಕ್ಕಿ ತಿನ್ನುತ್ತಾ ನಗುತ್ತಿದ್ದುದನ್ನು ಹೊನ್ನಮ್ಮ ನೋಡಿ, ನಂಬಲಾರದೆ, ನನಗೆ ಫೋನ್ ಮಾಡಿ ಹೇಳಿದಳು.

ಒಂದು ಭಾನುವಾರ ಮಧ್ಯಾಹ್ನ ರಾಚಪ್ಪನವರು ನಮ್ಮ ಮನೆ ಬಾಗಿಲಿಗೆ ಬಂದರು. ಯೂನಿಫಾರ್ಮಿಲ್ಲದೆ ಅವರನ್ನು ನೋಡಿದ್ದು ಅದೇ ಮೊದಲು. ತಿಳಿನೀಲಿ ಅಂಗಿ ಹಾಕಿಕೊಂಡು ಪರೀಕ್ಷೆಗೆ ಹೊರಟವರ ಹಾಗೆ ನಿಂತಿದ್ದರು. "ಮಾಲತೇಶನ ಮನೀಗೆ ಹೊಂಟೀನಿ. ನೀವೂ ಬರ್ರಿ ಮೇಡಂ. ಒಬ್ಬನೇ ಹೋಗೋಕೆ ಧೈರ್ಯ ಇಲ್ಲ" ಅಂದರು.

ಮಾಲತೇಶನ ಹೆಂಡತಿ ನೀಲವ್ವ ಒಲೆಯ ಮುಂದಿದ್ದಳು. ಗಂಡ ಕರೆದ ಮೇಲೆ ಕೈಗೆ ಹತ್ತಿದ ಹಿಟ್ಟು ಒರೆಸಿಕೊಳ್ಳುತ್ತಾ ಬಂದು ಬಾಗಿಲಿಗೆ ಒರಗಿ ನಿಂತಳು. ಊರೆಲ್ಲ ಹರಡಿದ್ದ ಮಾತು ಅವಳ ಕಿವಿಗೂ ಬಿದ್ದಿತ್ತು. ಆದರೂ ರಾಚಪ್ಪನವರು ಚಾಪೆಯ ಮೇಲೆ ಕೂರದೆ, ನಿಂತುಕೊಂಡೇ, ಲ್ಯಾಬಿನಲ್ಲಿ ಹೇಳಿದ್ದನ್ನೆಲ್ಲ ಮೊದಲಿನಿಂದ ಹೇಳಿದರು. ಅವರ ಕೈಯಲ್ಲಿ ಸೂಜಿ ಇರಲಿಲ್ಲ, ಯಾರ ನರವೂ ಏಳಬೇಕಿರಲಿಲ್ಲ. ಹಾಗಾಗಿಯೋ ಏನೋ ಅಂದಿಗಿಂತ ಇವತ್ತು ಹೇಳುವುದು ಅವರಿಗೆ ಕಷ್ಟವಾದಂತೆ ಕಂಡಿತು.

ನೀಲವ್ವ ಬೆರಳ ಸಂದಿಯಲ್ಲಿ ಉಳಿದಿದ್ದ ಹಿಟ್ಟನ್ನು ಸೆರಗಿಗೆ ತಿಕ್ಕಿಕೊಂಡಳು.

"ದಿನಾ ಸಂಜಿ ಇವ್ರು ಬಂದ ಕೂಡ್ಲೆ ಬಾಯಿ ಮೂಸಿ ನೋಡ್ತಿದ್ದೆ" ಅಂದಳು. "ಹನ್ನೊಂದು ವರ್ಷ. ಹಬ್ಬದ ದಿನಾನೂ ಬಿಟ್ಟಿಲ್ಲ. ಇವ್ರು ಒಂದು ದಿನಾನೂ ಯಾಕಂತ ಕೇಳ್ಲಿಲ್ಲ, ಬಂದು ಮುಂದ ನಿಂತ್ಕೊತಿದ್ರು." ಅವಳು ಗಂಡನ ಕಡೆ ನೋಡಲಿಲ್ಲ. "ಒಂದೇ ಕೇಳ್ತೀನಿ, ಖರೇ ಹೇಳ್ರಿ. ಜೀಪಿನಿಂದ ಇಳಿದು ನಾಕು ಹೆಜ್ಜಿ ಬರೋಕೆ ಅವತ್ತು ನಿಮಗೇನಾಗಿತ್ತು?"

ರಾಚಪ್ಪನವರು ಅಂಗಿಯ ತುದಿ ಎಳೆದು ಸರಿಮಾಡಿಕೊಂಡರು. ದೊಡ್ಡ ಕಾರಣವೊಂದಿದ್ದರೆ ಹೇಳುವುದು ಸುಲಭವಿತ್ತೇನೋ.

"ಮಧ್ಯಾಹ್ನ ಎರಡೂವರೆ ಆಗಿತ್ತವ್ವ. ಬೆಳಿಗ್ಗೆಯಿಂದ ಏನೂ ತಿಂದಿರ್ಲಿಲ್ಲ. ಬೇಗ ಬರ್ದು ಮುಗ್ಸಿ ಮನೀಗೆ ಊಟಕ್ಕೆ ಹೋಗ್ಬೇಕಿತ್ತು. ಹಸಿವಾಗಿತ್ತು, ಅಷ್ಟೇ."

"ಹಸಿವಾಗಿತ್ತು" ಅಂದಳು ನೀಲವ್ವ. ಮತ್ತೊಮ್ಮೆ, "ಹಸಿವಾಗಿತ್ತಂತೆ" ಅಂತ ತನಗೆ ತಾನೇ ಹೇಳಿಕೊಂಡು ಒಳಗೆ ಹೋದಳು.

ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡದೆ ಕೂತೆವು. ಮಾಲತೇಶ ಚಾಪೆಯ ಅಂಚಿನ ನಾರನ್ನು ಕೀಳುತ್ತಿದ್ದ. ಒಳಗಿನಿಂದ ಮೊದಲು ಅಳುವ ಸದ್ದು ಕೇಳಿತು, ಆಮೇಲೆ ಏನೂ ಇಲ್ಲ, ಆಮೇಲೆ ರೊಟ್ಟಿ ಬಡಿಯುವ ಸದ್ದು ಶುರುವಾಯಿತು. ಏಳಬೇಕೋ ಕೂರಬೇಕೋ ತಿಳಿಯದೆ ರಾಚಪ್ಪನವರು ನನ್ನ ಕಡೆ ನೋಡಿದರು. ನಾನು ಕೂತಿರಿ ಅಂತ ಸನ್ನೆ ಮಾಡಿದೆ.

ಅವಳು ಮೂರು ತಟ್ಟೆ ತಂದಳು. ಒಂದನ್ನು ನನ್ನ ಮುಂದೆ ಇಟ್ಟಳು, ಒಂದನ್ನು ಗಂಡನ ಮುಂದೆ. ಗಂಡನ ಮುಂದೆ ಇಡುವಾಗ ಅವನ ತಲೆಯ ಮೇಲೆ ಒಂದು ಗಳಿಗೆ ಕೈಯಿಟ್ಟು ತೆಗೆದಳು. ಮೂರನೆಯದನ್ನು ರಾಚಪ್ಪನವರ ಮುಂದೆ, ಸ್ವಲ್ಪ ಸದ್ದಾಗುವ ಹಾಗೆಯೇ ಇಟ್ಟಳು. ಬಿಸಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಮೊಸರು.

"ಉಂಡು ಹೋಗ್ರಿ" ಅಂದಳು. "ಹಸ್ಕೊಂಡು ಹೋಗಿ ಮತ್ತ್ಯಾರ ಮ್ಯಾಲೂ ಏನೂ ಬರೀಬ್ಯಾಡ್ರಿ."

ಮಾಲತೇಶ ಮೊದಲು ನಕ್ಕ. ಆಮೇಲೆ ನಾನು. ರಾಚಪ್ಪನವರು ತಲೆ ತಗ್ಗಿಸಿಕೊಂಡೇ ಮೂರು ರೊಟ್ಟಿ ತಿಂದರು. ನಾಲ್ಕನೆಯದನ್ನು ನೀಲವ್ವ ಕೇಳದೆಯೇ ತಟ್ಟೆಗೆ ಹಾಕಿದಳು.